ಸಹಾಯ ಬೇಕು: ‘ರೆಂಟ್ ಎ ಗರ್ಲ್‌ಫ್ರೆಂಡ್’ ಕಝುಯಾ ಯಾಕೆ ಹೀಗೆ?

ಗೆಳೆಯರೇ, ಈ ಜಪಾನಿ ಅನಿಮೆಯನ್ನು (ಕಾರ್ಟೂನ್ ಸರಣಿ) 2020ರ ಮೊದಲ ಸೀಸನ್‌ನಿಂದ 2023ರ ಮೂರನೆಯದರವರೆಗೆ ನೋಡಿ ಮುಗಿಸಿದೆ. ಈಗ ತಲೆ ಕೆಟ್ಟಿದೆ.

ನಾಯಕ ಕಝುಯಾ ಬಾಡಿಗೆ ಗೆಳತಿ ಚಿಜುರುವನ್ನು ತನ್ನ ಅಜ್ಜಿಗೆ ನಿಜವಾದ ಗೆಳತಿ ಅಂತ ತೋರಿಸುವುದು, ಆ ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು. ಶುರುವಿನಲ್ಲಿ ನಗು ಬಂತು. ಅವಳೇ ಪಕ್ಕದ ಮನೆಯವಳು, ಕಾಲೇಜೂ ಒಂದೇ! ಹೋಗಲಿ, ಅದನ್ನೂ ಸಹಿಸಿಕೊಂಡೆ. ಮೂರನೇ ಸೀಸನ್‌ನಲ್ಲಿ ಇವನು ಚಿಜುರುವಿನ ಅಜ್ಜಿಗೆ ತೋರಿಸಬೇಕು ಅಂತ ಜನರಿಂದ ದುಡ್ಡು ಕೂಡಿಸಿ ಸಿನಿಮಾನೇ ಮಾಡಿಸುತ್ತಾನೆ. ಅಷ್ಟು ಗಟ್ಟಿಗ. ಅದೇ ಹುಡುಗನಿಗೆ ‘ನೀನಂದ್ರೆ ಇಷ್ಟ’ ಅನ್ನಲು ಮಾತ್ರ ಬಾಯಿ ಬರುವುದಿಲ್ಲ. ಇವನನ್ನು ಪ್ರೀತಿಸುವ ಇನ್ನೊಬ್ಬ ಹುಡುಗಿ ರುಕಾಗೆ ಖಡಾಖಂಡಿತವಾಗಿ ಬೇಡ ಅನ್ನುವುದೂ ಇಲ್ಲ. ಪಾಪ, ಆ ಹುಡುಗಿ ಸುಮ್ನೆ ಕಾಯುತ್ತಾಳೆ. ಒಂದು ಹೆಜ್ಜೆ ಮುಂದೆ, ಎರಡು ಹಿಂದೆ.

ಸಬ್‌ಟೈಟಲ್ ತಪ್ಪಿರಬಹುದು ಅಂತ ಇಂಗ್ಲಿಷ್ ಡಬ್ಬಿಂಗ್‌ನಲ್ಲೂ ನೋಡಿದೆ. ಮೊದಲ ಸೀಸನ್ ಮತ್ತೊಮ್ಮೆ ಹಾಕಿದೆ. ಊಹೂಂ, ಏನೂ ಹೊಳೆಯಲಿಲ್ಲ.

ಇದರ ಮೂಲ ಕಾಮಿಕ್ಸ್, ಅಂದರೆ ಮಂಗಾ, ನಾನು ಓದಿಲ್ಲ. ಎರಡನ್ನೂ ಬಲ್ಲವರು ಹೇಳಿ: ಅಲ್ಲೂ ಕಝುಯಾ ಹೀಗೇನಾ, ಇಲ್ಲ ಅವನ ಮನಸ್ಸಿನ ಮಾತುಗಳನ್ನು ಅನಿಮೆಯಲ್ಲಿ ಕತ್ತರಿಸಿದ್ದಾರಾ? ಕತ್ತರಿಸಿದ್ದರೆ, ಮಂಗಾವನ್ನು ಯಾವ ಸಂಪುಟದಿಂದ ಓದಲಿ?