ಮಕ್ಕಳ ಜೊತೆ ಕಾರ್ಲ್ಸ್‌ಕ್ರೂನಾದಲ್ಲಿ ಒಂದು ದಿನ

ಮಕ್ಕಳು ಮನೆಯಲ್ಲೂ ಕನ್ನಡ ಮಾತಾಡೋದು ಕಡಿಮೆಯಾಯ್ತು ಅನ್ನೋ ಸಂಕಟ ಇಲ್ಲಿ ಸ್ವೀಡನ್ನಿನಲ್ಲಿರುವ ಕನ್ನಡಿಗರೆಲ್ಲರದೂ. ಸ್ವೀಡನ್ನಿನ ಶಾಲೆಗಳಲ್ಲಿ ಮಾತೃಭಾಷೆಯ ಪಾಠ ಕೇಳಬಹುದು, ಆದರೆ ಸಾಮಾನ್ಯವಾಗಿ ಒಂದು ಕಮ್ಯೂನ್‌ನಲ್ಲಿ (ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲಿ) ಆ ಭಾಷೆಯ 5 ಮಕ್ಕಳಾದರೂ ಇರಬೇಕು, ಕಲಿಸುವವರೂ ಸಿಗಬೇಕು. ಸಣ್ಣ ಊರುಗಳಲ್ಲಿ ಎರಡೂ ಕೂಡಿಬರುವುದು ಕಷ್ಟ. ಹಾಗಾಗಿ ಆ ಹೊಣೆ ನಮ್ಮ ಮೇಲೇ ಇದೆ. ಕೂರಿಸಿಕೊಂಡು ಕಾಗುಣಿತ ಬರೆಸುವುದಕ್ಕಿಂತ, ಊರು ಸುತ್ತಿಸುತ್ತಾ ಕಥೆ ಹೇಳಿದಾಗ ಮಕ್ಕಳ ಬಾಯಲ್ಲಿ ಕನ್ನಡ ತಾನಾಗಿ ಬರುವುದನ್ನು ಕಂಡಿದ್ದೇನೆ. ಅದಕ್ಕೆ ಸ್ವೀಡನ್ನಿನ ದಕ್ಷಿಣ ಕಡಲತೀರದ ಕಾರ್ಲ್ಸ್‌ಕ್ರೂನಾದಂಥ ಊರಿಲ್ಲ.

ಮಾಲ್ಮೋದಿಂದ ನೇರ ರೈಲಿದೆ. ದಾರಿಯಲ್ಲೇ ಕಥೆ ಶುರು ಮಾಡಿ: ಸ್ಟಾಕ್‌ಹೋಮಿನ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟಿಬಿಡುತ್ತಿತ್ತು, ಡೆನ್ಮಾರ್ಕಿನ ಜೊತೆ ಹಗೆತನ ಬೇರೆ. ಅದಕ್ಕೇ ರಾಜ 11ನೇ ಕಾರ್ಲ್ 1680ರಲ್ಲಿ ದಕ್ಷಿಣದ ಈ ದ್ವೀಪಗಳ ಮೇಲೆ ನೌಕಾಪಡೆಗೆಂದೇ ಊರು ಕಟ್ಟಿಸಿದ. 1998ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಬೆಳಿಗ್ಗೆ ಸ್ಟುಮ್‌ಹೋಲ್ಮೆನ್ ದ್ವೀಪದ ನೌಕಾ ಮ್ಯೂಸಿಯಂಗೆ ಹೋಗಿ. ಅಲ್ಲಿ ನೀರಿನಡಿ ಒಂದು ಸುರಂಗವಿದೆ, ಕಿಟಕಿಯಲ್ಲಿ ಇಣುಕಿದರೆ ಮುಳುಗಿದ ಹಳೇ ಹಡಗಿನ ಅವಶೇಷ ಕಾಣುತ್ತದೆ. 'ಇದು ಯಾಕೆ ಮುಳುಗಿತು, ಒಳಗೆ ಯಾರಿದ್ದರು' ಎಂದು ಪ್ರಶ್ನೆಗಳ ಮಳೆ. ನೆಪ್ಟೂನ್ ಜಲಾಂತರ್ಗಾಮಿಯ ಒಳಗೇ ಓಡಾಡಬಹುದು. ದೊಡ್ಡ ಮಕ್ಕಳಿದ್ದರೆ, 1981ರಲ್ಲಿ ಸೋವಿಯತ್ ಜಲಾಂತರ್ಗಾಮಿಯೊಂದು ಈ ಊರಿನ ಹತ್ತಿರವೇ ಬಂಡೆಗೆ ಸಿಕ್ಕಿಕೊಂಡ ಪ್ರಸಂಗವನ್ನು ಅಲ್ಲೇ ನಿಂತು ಹೇಳಿ.

ಮಧ್ಯಾಹ್ನಕ್ಕೆ ಬುತ್ತಿ ಒಯ್ಯುವುದೇ ವಾಸಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ನೀರಿನ ದಂಡೆಯಲ್ಲಿ ಕೂತು ಊಟ ಮಾಡಬಹುದು. ಬೇಸಿಗೆಯಲ್ಲೂ ಗಾಳಿ ಜೋರು, ಜಾಕೆಟ್ ಮರೆಯಬೇಡಿ.

ಮಕ್ಕಳಿಗೆ ನಿಜವಾಗಿ ಹಿಡಿಸುವುದು ರೂಸೆನ್‌ಬುಮ್ ಅಜ್ಜ. ಕೆಂಪು ಬಣ್ಣದ, ಮರದಿಂದ ಕಟ್ಟಿದ ಅಡ್ಮಿರಲ್ಟಿ (ನೌಕಾಪಡೆಯ) ಚರ್ಚಿನ ಮುಂದೆ ಆಳೆತ್ತರದ ಮರದ ಮೂರ್ತಿಯಾಗಿ ನಿಂತಿದ್ದಾನೆ; ಮೂಲ ಮೂರ್ತಿ ಒಳಗಿದೆ. ಹಡಗು ಕಟ್ಟುವಲ್ಲಿ ದುಡಿಯುತ್ತಿದ್ದವನು ಕೈಲಾಗದೆ ಭಿಕ್ಷೆಗಿಳಿದು, ಹೊಸ ವರ್ಷದ ಹಿಂದಿನ ರಾತ್ರಿ ಚಳಿಗೆ ಸೆಟೆದು ಸತ್ತನೆಂದು ಊರವರ ಕಥೆ. ಅವನ ಟೋಪಿ ಎತ್ತಿದರೆ ಕೆಳಗೆ ಕಾಸು ಹಾಕುವ ಕಿಂಡಿ! ಆ ಕಾಸು ಬಡವರಿಗೆ. ಚಿಕ್ಕವರನ್ನು ಎತ್ತಿ ಹಿಡಿಯಬೇಕಾಗುತ್ತದೆ. ಈಗ ಯಾರ ಜೇಬಲ್ಲೂ ಚಿಲ್ಲರೆ ಇರುವುದಿಲ್ಲ, ಮನೆಯಿಂದಲೇ ಕೆಲವು ಕ್ರೋನಾ ನಾಣ್ಯ ತನ್ನಿ.

ಹೊತ್ತಿದ್ದರೆ ಆಸ್ಪೋ ದ್ವೀಪಕ್ಕೆ ಹಳದಿ ಫೆರಿ ಹತ್ತಿ, ಟಿಕೆಟ್ ಇಲ್ಲ. ಅಲ್ಲಿ ಹಳೇ ಕೋಟೆಯಿದೆ.

ಸಾಧ್ಯವಾದರೆ ಎರಡು ಮೂರು ಮನೆಯವರು ಒಟ್ಟಿಗೆ ಹೋಗಿ. ರೂಸೆನ್‌ಬುಮ್ ಕಥೆಯನ್ನು ದೊಡ್ಡ ಮಕ್ಕಳೇ ಪುಟಾಣಿಗಳಿಗೆ ಕನ್ನಡದಲ್ಲಿ ಹೇಳಲಿ. ಈ ಬೇಸಿಗೆ ರಜೆಯಲ್ಲಿ ಬರುವವರಿದ್ದರೆ ತಿಳಿಸಿ, ಒಂದು ಶನಿವಾರ ಗೊತ್ತು ಮಾಡೋಣ.