ಸಣ್ಣ ಅಡುಗೆಮನೆಗೆ ಇಂಡಕ್ಷನ್ ಒಲೆ: 2,000 ವ್ಯಾಟಿನದೋ, 3,500 ವ್ಯಾಟಿನದೋ?

ಪ್ರಶ್ನೆ (ಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಅತ್ತಿಗೆಯೂ ಸೇರಿ ಬಾಡಿಗೆ ಮಳಿಗೆಯೊಂದರಲ್ಲಿ ಸಣ್ಣ ಅಡುಗೆಮನೆ ಆರಂಭಿಸುತ್ತಿದ್ದೇವೆ. ಕುಳಿತು ತಿನ್ನುವ ವ್ಯವಸ್ಥೆ ಇಲ್ಲ. ತಿಂಡಿಯನ್ನೂ ಮಧ್ಯಾಹ್ನದ ಊಟವನ್ನೂ ಹತ್ತಿರದ ಕಚೇರಿಗಳಿಗೆ ಕಳುಹಿಸುವುದಷ್ಟೇ ಕೆಲಸ. ಮಾಲೀಕರು ಗ್ಯಾಸ್ ಸಿಲಿಂಡರ್ ಇಡಲು ಒಪ್ಪದ ಕಾರಣ ಕಟ್ಟೆಯ ಮೇಲಿಡುವ ವಿದ್ಯುತ್ ಒಲೆಗಳನ್ನೇ ನಂಬಬೇಕಾಗಿದೆ. ಉಪ್ಪಿಟ್ಟು, ಚಿತ್ರಾನ್ನ, ಪಲಾವ್, ಸಾರು, ಪಲ್ಯ ಮುಖ್ಯ. ಮುಂದೆ ದೋಸೆಯನ್ನೂ ಸೇರಿಸುವ ಆಸೆಯಿದೆ. ಮನೆಬಳಕೆಯ 2,000 ವ್ಯಾಟಿನ ಒಲೆ ಮೂರು ಕೊಳ್ಳಬೇಕೋ, ಹೋಟೆಲಿಗೆಂದೇ ಮಾರುವ 3,500 ವ್ಯಾಟಿನ ಸ್ಟೀಲ್ ಮೈಯ ಒಲೆ ಎರಡು ಕೊಳ್ಳಬೇಕೋ ತಿಳಿಯುತ್ತಿಲ್ಲ. ಸಂಪರ್ಕ ಸಿಂಗಲ್ ಫೇಸ್. ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಎಂದಿದೆ. ನಮ್ಮ ದೊಡ್ಡ ಪಾತ್ರೆಗಳೆಲ್ಲ ಅಲ್ಯೂಮಿನಿಯಂನವು.

ಉತ್ತರ (ವಿದ್ಯುತ್ ಗುತ್ತಿಗೆ ಕೆಲಸ ಮಾಡುವವರು)

ಒಲೆಯ ಮಾತಿಗಿಂತ ಮೊದಲು ಆ 3 ಕಿಲೋವ್ಯಾಟಿನ ಮಾತು ಆಗಬೇಕು. ತಮ್ಮ ಮೊದಲ ಆಯ್ಕೆಗೆ 6, ಎರಡನೆಯದಕ್ಕೆ 7 ಕಿಲೋವ್ಯಾಟ್ ಬೇಕು. ಫ್ರಿಜ್ಜು, ಗ್ರೈಂಡರ್, ಎಕ್ಸಾಸ್ಟ್ ಫ್ಯಾನುಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಆದ್ದರಿಂದ ಬೆಸ್ಕಾಂನಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿಸಿ, ಸಾಧ್ಯವಾದರೆ ತ್ರೀ ಫೇಸ್ ಮಾಡಿಸಿಕೊಳ್ಳಿ. ಆಗ ಒಂದೊಂದು ಒಲೆಯನ್ನು ಒಂದೊಂದು ಫೇಸಿಗೆ ಹಂಚಬಹುದು. ನಿಗದಿತ ಶುಲ್ಕವನ್ನು ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ಇಷ್ಟೆಂದು ತಿಂಗಳು ತಿಂಗಳು ತೆರಬೇಕಾಗುವುದರಿಂದ, ಇರಲಿ ಎಂದು ವಿಪರೀತವಾಗಿ ಕೇಳುವುದೂ ಬೇಡ.

3,500 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 15 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್‌ನ ಸಾಕೆಟ್ಟಿಗೆ ಅದು ಬಹುತೇಕ ಅಂಚಿನ ಹೊರೆ. ಹತ್ತು ನಿಮಿಷ ಗೀಸರ್ ಹಾಕುವ ಮನೆಯಲ್ಲಿ ಇದು ಗೊತ್ತಾಗುವುದಿಲ್ಲ. ಬೆಳಗಿನ ಐದರಿಂದ ಹತ್ತರವರೆಗೆ ಒಂದೇ ಸಮನೆ ಉರಿಸುವಲ್ಲಿ ಪ್ಲಗ್ಗಿನ ಕಡ್ಡಿ ಕಾದು, ಸಾಕೆಟ್ಟಿನ ತೂತಿನ ಸುತ್ತ ಕಂದು ಕಲೆ ಕಾಣಿಸಿಕೊಳ್ಳುತ್ತದೆ. ಪ್ರತಿ ಒಲೆಗೂ ಬೋರ್ಡಿನಿಂದ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆಸಿ, ಅದಕ್ಕೊಂದು ಎಂಸಿಬಿ (ಹೊರೆ ಮೀರಿದರೆ ತಾನಾಗಿ ಆರುವ ಸ್ವಿಚ್ಚು) ಹಾಕಿಸಿ, ಏಸಿಗೆ ಬಳಸುವಂಥ 20 ಆಂಪಿಯರ್‌ನ ಲೋಹದ ಪೆಟ್ಟಿಗೆಯ ಪ್ಲಗ್ ಕೂರಿಸಿ. ಒದ್ದೆ ನೆಲದ ಜಾಗವಾದ್ದರಿಂದ ಅರ್ಥಿಂಗ್ ಪರೀಕ್ಷಿಸಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನು ತಪ್ಪದೆ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡು ಖಂಡಿತ ಬೇಡ.

ಇನ್ನು ವೇಗ. ಹತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು, ಶೇ. 85ರಷ್ಟು ಶಾಖ ಪಾತ್ರೆಗೆ ಸೇರುತ್ತದೆಂದು ಹಿಡಿದರೆ, ಸುಮಾರು ಒಂದು ಯೂನಿಟ್ ಬೇಕು: 2,000 ವ್ಯಾಟಿನಲ್ಲಿ ಅರ್ಧ ಗಂಟೆ, 3,500 ವ್ಯಾಟಿನಲ್ಲಿ ಹದಿನೇಳು ನಿಮಿಷ. ಖರ್ಚಾಗುವ ಯೂನಿಟ್ ಎರಡರಲ್ಲೂ ಒಂದೇ. ಹಾಗಾಗಿ ಅನ್ನ, ಸಾರಿಗೆ ದೊಡ್ಡದೊಂದು, ಒಗ್ಗರಣೆ, ಪಲ್ಯಕ್ಕೆ ಚಿಕ್ಕದೊಂದು ಸಾಕೆಂದು ನನ್ನ ಅಭಿಪ್ರಾಯ.

ಉತ್ತರ (ಮಲ್ಲೇಶ್ವರದಲ್ಲಿ ಊಟ ಸರಬರಾಜು ಮಾಡುವವರು)

ಮೇಲಿನ ಮಾತಿಗೆ ನನ್ನ ಸಹಮತವಿದೆ. ಆದರೆ ನಿಮ್ಮ ನಿಜವಾದ ಖರ್ಚು ಪಾತ್ರೆಗಳದು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಯಾವುದೂ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಚಿಕ್ಕಪೇಟೆಯ ಪಾತ್ರೆ ಅಂಗಡಿಗಳಿಗೆ ಹೋಗುವಾಗ ಕಿಸೆಯಲ್ಲೊಂದು ಅಯಸ್ಕಾಂತ ಇರಲಿ. ಸ್ಟೀಲ್ ಎಂದ ಮಾತ್ರಕ್ಕೆ ಅಯಸ್ಕಾಂತ ಹಿಡಿಯುತ್ತದೆ ಎಂದೇನಿಲ್ಲ. ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡರೆ ಮಾತ್ರ ಕೊಳ್ಳಿ, ತಳ ಸಪಾಟಾಗಿರಲಿ. ಪಾತ್ರೆ ಎಷ್ಟೇ ಅಗಲವಿದ್ದರೂ ಕಾಯುವುದು ಒಳಗಿನ ಸುರುಳಿಯಷ್ಟು ಜಾಗ ಮಾತ್ರ. ತೆಳು ತಳದ ಅಗಲ ಬಾಣಲೆಯಲ್ಲಿ ರವೆ ಹುರಿದು ನೋಡಿ: ನಡುವೆ ಬಳೆಯಾಕಾರದಲ್ಲಿ ಕೆಂಪಾಗಿ ಸೀಯುತ್ತಿರುವಾಗಲೇ ಅಂಚಿನ ರವೆ ಬೆಳ್ಳಗೆ ಉಳಿದಿರುತ್ತದೆ. ಉಪ್ಪಿಟ್ಟಿಗೆ ದಪ್ಪ ತಳವೇ ಬೇಕು.

ಒಲೆಯಲ್ಲಿ ನಾನು ನೋಡುವುದು ತಿರುಗಿಸುವ ಗುಂಡಿ ಇದೆಯೇ ಎಂದು. ಸ್ಪರ್ಶದ ಬಟನ್‌ಗಳು ಒದ್ದೆ ಕೈಗೆ, ಎಣ್ಣೆ ಕೈಗೆ ಮಣಿಯುವುದಿಲ್ಲ. ಅಗ್ಗದ ಒಲೆಗಳು ಸಣ್ಣ ಉರಿಯಲ್ಲಿ ಪೂರ್ತಿ ಹೊತ್ತಿ, ಪೂರ್ತಿ ಆರಿ, ಮತ್ತೆ ಹೊತ್ತುತ್ತವೆ; ಸಾರು ಒಮ್ಮೆ ಉಕ್ಕಿ ಒಮ್ಮೆ ತಣ್ಣಗೆ ಕೂರುತ್ತದೆ. ಗಾಜು ಎಷ್ಟು ಕಿಲೋ ತೂಕ ತಡೆಯುತ್ತದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಮನೆಬಳಕೆಯ ವಾರಂಟಿ ವಾಣಿಜ್ಯ ಬಳಕೆಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಓದಿಯೇ ದುಡ್ಡು ಕೊಡಿ.

ಒಲೆ ಕೆಡುವುದು ಬಹುಪಾಲು ಗಾಳಿಯ ದಾರಿ ಕಟ್ಟಿಕೊಂಡು. ತಳದ ಫ್ಯಾನು ಎಣ್ಣೆಯ ಹಬೆಯನ್ನೂ ಹಿಟ್ಟಿನ ಧೂಳನ್ನೂ ಒಳಗೆಳೆದು ಜಿಡ್ಡುಗಟ್ಟುತ್ತದೆ. ಬೆಚ್ಚಗಿನ ಜಾಗವೆಂದು ಜಿರಳೆಗಳು ಸೇರಿ ಸರ್ಕ್ಯೂಟ್ ಬೋರ್ಡನ್ನೇ ಸುಡಿಸುವುದೂ ಉಂಟು. ಕೆಳಗೆ ಪೇಪರ್ ಹಾಸಬೇಡಿ, ಗೋಡೆಯಿಂದ ಒಂದು ಗೇಣಾದರೂ ದೂರವಿಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಅಲ್ಯೂಮಿನಿಯಂ ಪಾತ್ರೆಗಳನ್ನು ಉಳಿಸಿಕೊಳ್ಳಲು ಇನ್‌ಫ್ರಾರೆಡ್ ಒಲೆ ಆಗಬಹುದೇ? ದೋಸೆಯ ಕಾವಲಿಯ ಗತಿಯೇನು?

ಉತ್ತರ (ಮಲ್ಲೇಶ್ವರದವರು)

ಇನ್‌ಫ್ರಾರೆಡ್ ಮೇಲೆ ಯಾವ ಲೋಹದ ಪಾತ್ರೆಯೂ ನಡೆಯುತ್ತದೆ. ಆದರೆ ಅಲ್ಲಿ ಮೊದಲು ಗಾಜು ಕಾದು ಆಮೇಲೆ ಪಾತ್ರೆ ಕಾಯುವುದರಿಂದ ಕೆಲಸ ನಿಧಾನ. ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತದೆ. ಇಬ್ಬರು ಒತ್ತಾಗಿ ನಿಲ್ಲುವ ಕಟ್ಟೆಗೆ ನಾನದನ್ನು ಒಪ್ಪುವುದಿಲ್ಲ. ಕಬ್ಬಿಣದ ಕಾವಲಿ ಇಂಡಕ್ಷನ್ ಮೇಲೆ ಕಾಯುತ್ತದೆ, ಆದರೆ ರವೆಯ ಕಥೆಯೇ ಇಲ್ಲೂ: ನಡುವೆ ಗರಿ, ಅಂಚಿಗೆ ಹಸಿ. ದೋಸೆ ಹಾಕುವುದೇ ಆದರೆ ಥರ್ಮೋಸ್ಟ್ಯಾಟ್ ಇರುವ ಪ್ರತ್ಯೇಕ ವಿದ್ಯುತ್ ಕಾವಲಿ ಕೊಳ್ಳಿ. ಅಂದ ಹಾಗೆ, ಒಲೆ ತೋರಿಸುವ ಡಿಗ್ರಿಯನ್ನು ನೆಚ್ಚಬೇಡಿ. ಸೆನ್ಸರ್ ಇರುವುದು ಗಾಜಿನ ಕೆಳಗೆ. ಸುಮಾರು 920 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ವ್ಯಾಟ್ ಲೆಕ್ಕದಲ್ಲೇ ಅಡುಗೆ ಮಾಡಿ.

ಉತ್ತರ (ವಿದ್ಯುತ್ ಗುತ್ತಿಗೆಯವರು)

ವಿದ್ಯುತ್ ಕಾವಲಿ ಬರುವುದಾದರೆ ಅದರ ಲೋಡನ್ನೂ ಈಗಿನ ಅರ್ಜಿಯಲ್ಲೇ ಸೇರಿಸಿಬಿಡಿ, ಎರಡು ಸಲ ಓಡಾಡುವುದು ತಪ್ಪುತ್ತದೆ. ಆರ್‌ಆರ್ ಸಂಖ್ಯೆ (ಬಿಲ್ಲಿನ ಮೇಲಿರುವ, ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ಮಾಲೀಕರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆಯಿಲ್ಲದೆ ಕೆಲಸ ಮುಂದೆ ಸಾಗದು. ಹೆಚ್ಚುವರಿ ಠೇವಣಿ ಯಾರು ಕಟ್ಟುತ್ತಾರೆ, ಮಳಿಗೆ ಬಿಡುವಾಗ ಅದು ಯಾರಿಗೆ ಸೇರುತ್ತದೆ ಎಂಬುದನ್ನು ಬಾಡಿಗೆ ಕರಾರಿನಲ್ಲಿ ಬರೆಸಿಕೊಂಡ ಮೇಲೆಯೇ ಒಲೆಗೆ ಮುಂಗಡ ಕೊಡಿ.