ಆಬರ್ನ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳ ಮೇಲೆ ನಮ್ಮ ನಿರೀಕ್ಷೆ ಅತಿ ಆಯ್ತಾ?

ರಘು_ಬರ್ಮಿಂಗ್‌ಹ್ಯಾಮ್: ವರ್ಷಕ್ಕೆ ಹತ್ತು ಮ್ಯಾಚ್ ಗೆಲ್ಲದ ಕೋಚ್‌ನ ತೆಗೀಬೇಕು ಅಂತ ಇಲ್ಲಿ ಸುಮಾರು ಜನ ಬರೀತಿದೀರಿ, ನಾನಂತೂ ಒಪ್ಪಲ್ಲ. 2023ರವರೆಗೂ ಆಬರ್ನ್ ಇದ್ದಿದ್ದು ಎಸ್‌ಇಸಿ ಅನ್ನೋ ಕಾಲೇಜು ಕಾನ್ಫರೆನ್ಸ್‌ನ (ಲೀಗ್) ವೆಸ್ಟ್ ವಿಭಾಗದಲ್ಲಿ, ಅಲಬಾಮಾ, ಎಲ್‌ಎಸ್‌ಯು, ಟೆಕ್ಸಸ್ ಎ ಅಂಡ್ ಎಂ ಎಲ್ಲಾ ಅದ್ರಲ್ಲೇ. ಒಬ್ರು ಗೆದ್ರೆ ಇನ್ನೊಬ್ರು ಸೋಲ್ಲೇಬೇಕಲ್ವಾ, ಆ ವಿಭಾಗದ ಏಳು ಟೀಮ್‌ಗೂ ಹತ್ತತ್ತು ಗೆಲುವು ಎಲ್ಲಿಂದ ತರ್ತೀರಿ? ನಮ್ಮ ಹಳೇ ಕೋಚ್ ಜೀನ್ ಚಿಜಿಕ್ 2010ರ ಸೀಸನ್‌ನಲ್ಲಿ ನ್ಯಾಷನಲ್ ಟೈಟಲ್ ಗೆದ್ದ, 2012 ಮುಗಿಯೋಷ್ಟರಲ್ಲಿ ಕೆಲ್ಸ ಹೋಯ್ತು.

ಟೈಗರ್_ಸುಮಾ: ರಘು, ಆ 2012ರಲ್ಲಿ 3-9 (ಮೂರು ಗೆಲುವು, ಒಂಬತ್ತು ಸೋಲು), ಕಾನ್ಫರೆನ್ಸ್‌ನಲ್ಲಿ ಒಂದೂ ಗೆದ್ದಿಲ್ಲ, ಅಲಬಾಮಾ ಕೈಲಿ 49-0. 2010ರ ಸ್ಟಾರ್ ಆಟಗಾರ ಕ್ಯಾಮ್ ನ್ಯೂಟನ್ ಹೋದ್ಮೇಲೆ ಟೀಮ್ ಕಟ್ಟಕ್ಕೇ ಆಗ್ಲಿಲ್ಲ. ಕೋಟಿಗಟ್ಲೆ ಸಂಬಳ ತಗೊಳೋರನ್ನ ಪ್ರಶ್ನೆ ಮಾಡ್ಬಾರ್ದಾ?

ರಘು_ಬರ್ಮಿಂಗ್‌ಹ್ಯಾಮ್: ಮಾಡಿ, ಆದ್ರೆ ಚಿಜಿಕ್ ಆದ್ಮೇಲೆ ಬಂದ ಕೋಚ್ ಗಸ್ ಮಾಲ್ಜಾನ್ ಏನು ಮಾಡಿದ್ದ ಹೇಳಿ. ಎಂಟು ಸೀಸನ್, ಒಂದರಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಿಲ್ಲ, 2013ರಲ್ಲಿ ಎಸ್‌ಇಸಿ ಚಾಂಪಿಯನ್, 2017ರಲ್ಲಿ ನಂಬರ್ ಒನ್ ಆಗಿದ್ದ ಜಾರ್ಜಿಯಾನೂ ಸೋಲಿಸ್ದ ಅಲಬಾಮಾನೂ ಸೋಲಿಸ್ದ. 2020ರಲ್ಲಿ 6-4 ಆಯ್ತು ಅಂತ 2 ಕೋಟಿ ಡಾಲರ್‌ಗೂ ಜಾಸ್ತಿ ಬೈಔಟ್ (ಕಾಂಟ್ರಾಕ್ಟ್ ಮಧ್ಯದಲ್ಲೇ ಮುರಿದಿದ್ದಕ್ಕೆ ಪರಿಹಾರ) ಕೊಟ್ಟು ಕಳಿಸಿದ್ರು. ಆಮೇಲೆ 2021ರಿಂದ 2024ರವರೆಗೆ ನಾಲ್ಕೂ ವರ್ಷ ಸೋಲೇ ಜಾಸ್ತಿ. ಇದೇನಾ ನಮಗೆ ಬೇಕಿದ್ದಿದ್ದು?

ಬಾಮಾ_ಕನ್ನಡಿಗ: ನಮ್ಮ ಅಲಬಾಮಾ ಕೋಚ್ ನಿಕ್ ಸೇಬನ್ ಪಕ್ಕದಲ್ಲೇ ಇದ್ದಿದ್ದೇ ನಿಮ್ ಸಮಸ್ಯೆ. ನಮ್ಗೆ ಆರು ಟೈಟಲ್ ತಂದ್ಕೊಟ್ಟ, ಅದನ್ನ ನೋಡಿ ನೋಡಿ ಎಲ್ರೂ ಅದೇ ಅಳತೆ ಹಿಡ್ಕೊಂಡ್ರು. ಆದ್ರೆ ಅವನ ಮೊದಲ್ನೇ ವರ್ಷ 2007ರಲ್ಲಿ 7-6, ಲೂಸಿಯಾನಾ ಮನ್ರೋ ನಮ್ಮ ಊರಿಗೇ ಬಂದು ಸೋಲಿಸಿತ್ತು, ಅವತ್ತು ಬೋರ್ಡ್‌ನೋರು ಹೆದರಿದ್ರೆ ಮುಂದಿಂದು ಏನೂ ಇರ್ತಿರ್ಲಿಲ್ಲ.

ಟೈಗರ್_ಸುಮಾ: ಎಲ್ರೂ ಸೇಬನ್ ಆಗಲ್ಲ ಅಣ್ಣ. ಮಾಲ್ಜಾನ್ ಜಾಗಕ್ಕೆ ಬಂದ ಹಾರ್ಸಿನ್‌ನ ನೋಡಿ, 2021ರಲ್ಲಿ 6-2 ಇದ್ದೋನು ಕೊನೇ ಐದೂ ಸೋತ, ಮಿಸಿಸಿಪ್ಪಿ ಸ್ಟೇಟ್ ಮೇಲೆ 28-3 ಲೀಡ್ ಇಟ್ಕೊಂಡು ಸೋತ. ಇಂಥೋರಿಗೆ ಎಷ್ಟು ವರ್ಷ ಕೊಡ್ತೀರಿ?

ರಘು_ಬರ್ಮಿಂಗ್‌ಹ್ಯಾಮ್: ಮೂರು ರಿಕ್ರೂಟಿಂಗ್ ಕ್ಲಾಸ್ (ವರ್ಷವರ್ಷ ಸೇರಿಸ್ಕೊಳೋ ಹೊಸ ಆಟಗಾರರ ತಂಡ) ಆದ್ರೂ ಕೊಡ್ಬೇಕು. ಕೋಚ್ ಹೋದ ತಕ್ಷಣ ಒಳ್ಳೊಳ್ಳೆ ಹುಡುಗ್ರು ಬೇರೆ ಕಾಲೇಜಿಗೆ ಸೇರಕ್ಕೆ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೋಗ್ಬಿಡ್ತಾರೆ, ಹೊಸಬ ಬಂದು ಮತ್ತೆ ಮೊದ್ಲಿಂದ ಶುರು ಮಾಡ್ಬೇಕು, ಅಷ್ಟರಲ್ಲಿ ನಾವು ಅವನನ್ನೂ ತೆಗೀರಿ ಅಂತೀವಿ.

ಟೈಗರ್_ಸುಮಾ: ಮೂರು ಜಾಸ್ತಿ ಆಯ್ತು. ಎರಡು ಕೊಡೋಣ, ಅದೂ ಎರಡನೇ ವರ್ಷ ಆಟ ಸುಧಾರಿಸಿದ್ರೆ ಮಾತ್ರ.